ಹೊಳೆ ತಿರುಗುವ ಜಾಗ

ಅವರು ಹೋದ ಸುದ್ದಿ ಬಂದಾಗ ನಾನು ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದೆ. ಫೋನು ಮಾಡಿದವರು ಅವರ ಅಳಿಯ. “ಹೌದಾ” ಎಂದೆ. ಎಷ್ಟು ಹೊತ್ತಿಗೆ ಎಂದು ಕೇಳಿದೆ. ಫೋನು ಜೇಬಿಗಿಟ್ಟು ಹಣ್ಣನ್ನು ಪೂರ್ತಿ ತಿಂದೆ. ಸಿಪ್ಪೆ ಹಾಕಲು ಬುಟ್ಟಿ ಹುಡುಕಿದೆ, ಸಿಗಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಶಿಕಾರಿಪುರದ ಬಸ್ಸು ಹತ್ತಿದೆ. ಅವರ ಮನೆಯ ಮುಂದೆ ಚಪ್ಪಲಿ ಬಿಡುವಾಗ ನೋಡಿದರೆ ಸಿಪ್ಪೆ ಇನ್ನೂ ಕೈಯಲ್ಲಿತ್ತು. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಜೊತೆಗೆ ಕೆಲಸ ಮಾಡಿದ ಕೆಲವರು ಬಂದು, ಅವರ ನೆನಪಿನ ಪುಸ್ತಕಕ್ಕೆ ಎರಡು ಪುಟ ಬರೆದುಕೊಡಿ ಎಂದರು. ನಾನು ಅಲ್ಲಿ ಇಲ್ಲಿ ಕತೆ ಬರೆಯುವವನು ಎಂಬ ಕಾರಣಕ್ಕೆ. ‘ಸರಳ, ಸಜ್ಜನ, ಪ್ರಾಮಾಣಿಕ’ ಎಂದು ಶುರು ಮಾಡಿದೆ. ಮೂರೂ ಸುಳ್ಳಲ್ಲ. ಆದರೆ ಆ ಮೂರು ಮಾತನ್ನು ಸತ್ತ ಯಾವ ಸರ್ಕಾರಿ ನೌಕರನಿಗೆ ತೊಡಿಸಿದರೂ ಅಳತೆ ಸರಿಯಾಗಿಯೇ ಕೂರುತ್ತದೆ. ಹರಿದುಹಾಕಿದೆ. ಆ ಎರಡು ಪುಟಗಳ ಬದಲಿಗೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹೆಸರು ಕಂಡ ಕೂಡಲೇ ಓದುವವರು, ಓ ಅವರಾ, ಗೊತ್ತು ಬಿಡಿ ಎಂದುಕೊಳ್ಳುತ್ತಾರೆ.

ಅವರು ಸರ್ವೆಯರ್. ನಾನೂ ಸರ್ವೆಯರ್. ಶಿಕಾರಿಪುರದ ಕಡೆ, ಸೊರಬದ ಕಡೆ ವರ್ಗವಾಗಿ ಓಡಾಡುತ್ತ ಬಹಳ ವರ್ಷ ಒಂದೇ ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಕೂತವರು. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವರು.

ನಮ್ಮ ಕೆಲಸದಲ್ಲಿ ಹದ್ದು ಎಂದರೆ ಗಡಿ. ಹದ್ದುಬಸ್ತು ಎಂದರೆ ಜಮೀನಿನ ಗಡಿಯನ್ನು ಅಳೆದು, ಕಲ್ಲು ನೆಟ್ಟು, ಇದು ನಿಮ್ಮದು, ಅದು ಅವರದು ಎಂದು ತೋರಿಸಿಕೊಡುವುದು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಅವರು, “ನಾಳೆ ಹದ್ದುಬಸ್ತಿಗೆ ಹೋಗೂದೈತಿ, ಬರ್ರಿ” ಎಂದರಂತೆ. ನಾನು ಕಿಟಕಿಯಿಂದ ಬಗ್ಗಿ ಆಕಾಶ ನೋಡಿದೆನಂತೆ, ಹದ್ದು ಎಲ್ಲಿದೆ ಎಂದು. ಕಚೇರಿಗೆ ಬಂದ ಪ್ರತಿ ಹೊಸಬರಿಗೂ ಅವರು ಈ ಕತೆ ಹೇಳಿ, ಕೊನೆಗೆ ನನ್ನ ಕಡೆ ತಿರುಗಿ, “ಹಕ್ಕಿ ಸಿಕ್ತೇನ್ರಿ ಕತೆಗಾರ್ರೆ?” ಎನ್ನುತ್ತಿದ್ದರು. ನಾನು ಆಕಾಶ ನೋಡಿದ ನೆನಪು ನನಗಿಲ್ಲ. ನಾವು ಕೂರುತ್ತಿದ್ದ ಕೋಣೆಗೆ ಕಿಟಕಿಯೇ ಇರಲಿಲ್ಲ. ಆದರೂ ಈಗ ಆ ಕಿಟಕಿ ನನ್ನ ಕಣ್ಣಿಗೆ ಕಾಣುತ್ತದೆ, ಸರಳಿಗೆ ಬಳಿದ ಹಸಿರು ಬಣ್ಣದ ಸಮೇತ. ನೆನಪಿನ ಮೇಲೆ ನನಗೆ ನಂಬಿಕೆ ಹೋದದ್ದು ಇಂಥವುಗಳಿಂದ.

ಅವರಿಗೆ ಆ ನಂಬಿಕೆ ಮೊದಲಿನಿಂದಲೂ ಇರಲಿಲ್ಲ. “ನೆನಪಿಂದ ಬರೀಬ್ಯಾಡ್ರಿ, ನಿಂತು ಬರೀರಿ” ಎನ್ನುವುದು ಅವರ ಮಾತು. ಎಲ್ಲಿ ಅಳೆದೆಯೋ ಅಲ್ಲೇ ನಿಂತು, ಅಳತೆ ಪುಸ್ತಕವನ್ನು ಎಡಗೈಯ ಮೇಲಿಟ್ಟುಕೊಂಡು, ಕಂಡದ್ದನ್ನು ಬರೆಯಬೇಕು. ನೆರಳಿಗೆ ಬಂದು ಬರೆದರೆ ಅರ್ಧ ಸುಳ್ಳು, ಕಚೇರಿಗೆ ಬಂದು ಬರೆದರೆ ಪೂರ್ತಿ ಸುಳ್ಳು. ಪೆನ್ಸಿಲ್ ಮೊಂಡಾದರೆ ಹಲ್ಲಿನಿಂದ ಕಚ್ಚಿ ಮೊನೆ ತೆಗೆಯುತ್ತಿದ್ದರು. ಕೆಳತುಟಿಯ ಮೇಲೆ ಯಾವಾಗಲೂ ಸಣ್ಣದೊಂದು ಕಪ್ಪು ಗೆರೆ ಇರುತ್ತಿತ್ತು.

ಎರಡು ಜಮೀನಿನ ನಡುವಿನ ಬದುವಿನ ಮೇಲೆ ಅವರು ಎಂದೂ ಕೂತವರಲ್ಲ. ಎಷ್ಟೇ ದಣಿವಾದರೂ ದಾಟಿ ಹೋಗಿ ರಸ್ತೆಯ ಬದಿಗೆ ಕೂರುತ್ತಿದ್ದರು. ಅಳತೆಗೆ ಹೋದ ಊರಿನಲ್ಲಿ ಒಬ್ಬರ ಮನೆಯಲ್ಲಿ ಚಹಾ ಕುಡಿದರೆ ಎದುರು ಕಕ್ಷಿಯವರ ಮನೆಯಲ್ಲೂ ಕುಡಿಯಬೇಕು, ಇಲ್ಲದಿದ್ದರೆ ಎರಡೂ ಕಡೆ ಬೇಡ ಎಂಬುದು ಅವರು ತಾವೇ ಮಾಡಿಕೊಂಡ ಕಾನೂನು. ಸೊಂಟಕ್ಕೆ ಮಂಡಕ್ಕಿಯ ಪೊಟ್ಟಣ ಕಟ್ಟಿಕೊಂಡೇ ಹೊರಡುತ್ತಿದ್ದರು. ನನ್ನ ಮದುವೆಗೆ ಬಂದಾಗ ಹೆಣ್ಣಿನ ಕಡೆಯವರ ಪಂಕ್ತಿಯಲ್ಲಿ ಒಂದು ಸಲ, ಗಂಡಿನ ಕಡೆಯವರ ಪಂಕ್ತಿಯಲ್ಲಿ ಒಂದು ಸಲ ಪಾಯಸ ಹಾಕಿಸಿಕೊಂಡರು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇದೂ ನಿಜವೋ ಅಲ್ಲವೋ. ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ನಾವು ಎಷ್ಟೋ ಸಂಗತಿಗಳನ್ನು ಸತ್ತವರಿಗೆ ಕೊಟ್ಟುಬಿಡುತ್ತೇವೆ.

ಇಂಥವರು ಒಂದು ಕಡೆ ತಪ್ಪಿದರು.

ಸೊರಬದ ಕಡೆ ಹೊಳೆದಂಡೆಯ ಒಂದು ಊರು. ಕುರಿ ಸಾಕುವ ಒಂದು ಮನೆತನದ ಜಮೀನು, ಅದಕ್ಕೆ ತಾಗಿ ಇನ್ನೊಬ್ಬರ ಜಮೀನು. ಎರಡೂ ಹೊಳೆಯವರೆಗೆ ಚಾಚಿಕೊಂಡಿದ್ದವು. ಕುರಿಯವರ ಕಡೆಯ ಯಜಮಾನಿ ನಡುವಯಸ್ಸು ದಾಟಿದ ಹೆಂಗಸು, ಗಂಡ ಇರಲಿಲ್ಲ. ಆ ಜಮೀನಿನ ತುದಿಯಲ್ಲಿ ಕುರಿಗಳು ನೀರಿಗೆ ಇಳಿಯುವ ಒಂದು ಇಳಿಜಾರು ಇತ್ತು. ಗಡಿ ತೋರಿಸಿಕೊಡಿ ಎಂದು ಪಕ್ಕದವರು ಅರ್ಜಿ ಹಾಕಿದ್ದರು. ಹಳೆಯ ಟಿಪ್ಪಣಿಯಲ್ಲಿ, ಅಂದರೆ ಹಿಂದಿನ ಕಾಲದವರು ಬರೆದಿಟ್ಟ ಅಳತೆಯ ನಕ್ಷೆಯಲ್ಲಿ, ಎರಡು ಜಮೀನುಗಳ ನಡುವಿನ ಗೆರೆ ಊರ ಕಡೆಯ ಒಂದು ಕಲ್ಲಿನಿಂದ ಹೊರಟು ನೇರವಾಗಿ ‘ಹೊಳೆ ತಿರುಗುವ ಜಾಗ’ಕ್ಕೆ ಹೋಗಿ ಮುಟ್ಟುತ್ತಿತ್ತು. ಆ ಹೊಳೆ ಎಷ್ಟೋ ಮಳೆಗಾಲಗಳಲ್ಲಿ ಸರಿದು ಸರಿದು, ತಿರುವು ತನ್ನ ಜಾಗ ಬಿಟ್ಟಿತ್ತು. ಹಳೆಯ ತಿರುವು ಒಣಗಿದ ತಗ್ಗು. ಹೊಸ ತಿರುವಿನಲ್ಲಿ ನೀರು.

ಕಲ್ಲು ಕೋಲು ಹೊರುವ ಜವಾನ ಅಂದು ರಜೆ. ಬಾವುಟದ ಕೋಲು ಹಿಡಿದು ಹೊಳೆಯ ಕಡೆ ಹೋಗಿ ನಿಂತವನು ನಾನು. ಅವರು ಊರ ಕಡೆಯ ಕಲ್ಲಿನ ಹತ್ತಿರ. ನಡುವೆ ಕುರುಚಲು. ಅವರ ಕೂಗು ನನಗೆ ಸರಿಯಾಗಿ ನೆನಪಿದೆ, ನೆನಪಿದೆ ಎಂದು ಅಂದುಕೊಂಡಿದ್ದೇನೆ.

“ನಿಂತ್ರೇನ್ರೀ?”

“ನಿಂತೆ ಸಾರ್!”

“ಎಲ್ಲಿ ನಿಂತ್ರಿ?”

“ತಿರುವಿನಾಗೆ!”

ಯಾವ ತಿರುವು ಎಂದು ಅವರು ಕೇಳಲಿಲ್ಲ. ಯಾವ ತಿರುವು ಎಂದು ನಾನು ಹೇಳಲಿಲ್ಲ. ಅವರು ನನ್ನ ಕೋಲಿಗೆ ಕಣ್ಣಿಟ್ಟು ಗೆರೆ ಹಿಡಿದರು, ಗೆರೆಯ ಮೇಲೆ ಕಲ್ಲು ನೆಟ್ಟೆವು. ಉದ್ದ ಟಿಪ್ಪಣಿಗೆ ಸ್ವಲ್ಪ ಕೂಡಿಬರಲಿಲ್ಲ. “ಹೊಳಿ ಕಡೆ ಇಂಥಾದ್ದು ಇರ್ತದ” ಎಂದರು. ಅಳತೆ ಪುಸ್ತಕದಲ್ಲಿ ಕೋಲು ನಿಂತದ್ದು ಎಲ್ಲಿ ಎಂದು ಬರೆಯುವ ಕಡೆ ಟಿಪ್ಪಣಿಯಲ್ಲಿದ್ದ ಮೂರು ಪದಗಳನ್ನೇ ನಕಲು ಮಾಡಿದರು: ಹೊಳೆ ತಿರುಗುವ ಜಾಗ. ಹೊಳೆಯವರೆಗೆ ನಡೆದು ಬಂದು, ನಿಂತು, ನೋಡಿ ಬರೆಯಲಿಲ್ಲ. ಯಾಕೆ ಎಂದು ಗೊತ್ತಿಲ್ಲ. ಊಟದ ಹೊತ್ತು ಮೀರಿತ್ತು ಎಂದೋ, ಮೋಡ ಕವಿದಿತ್ತು ಎಂದೋ ಇಲ್ಲಿ ಬರೆಯಬಹುದು. ಬರೆಯುವುದಿಲ್ಲ.

ಕಲ್ಲು ನೆಟ್ಟ ಮೇಲೆ ಆ ಇಳಿಜಾರು ಪಕ್ಕದವರ ಪಾಲಿಗೆ ಹೋಯಿತು. ಅವರು ಕೆಟ್ಟವರೇನಲ್ಲ. ಕಲ್ಲು ಎಲ್ಲಿತ್ತೋ ಅಲ್ಲಿಗೆ ತಂತಿ ಬೇಲಿ ಹಾಕಿಕೊಂಡರು. ಹಳೆಯ ತಗ್ಗಿಗೆ ಮಣ್ಣು ತುಂಬಿಸಿ ಉತ್ತರು. ಹೊಳೆಯೂ ಸುಮ್ಮನಿರದೆ ಇನ್ನಷ್ಟು ಸರಿಯಿತು. ಕುರಿಗಳು ಅಂದಿನಿಂದ ಹೊಳೆಯನ್ನು ಕಣ್ಣೆದುರು ನೋಡುತ್ತಲೇ ಡಾಂಬರು ರಸ್ತೆ ಸುತ್ತಿ, ಸೇತುವೆಯ ಕೆಳಗೆ ಇಳಿದು ನೀರು ಕುಡಿಯಬೇಕಾಯಿತು.

ಶಿರಾಳಕೊಪ್ಪದ ಸಂತೆಗೆ ಕುರಿ ತಂದ ದಿನ ಆ ಅಮ್ಮ ಕಚೇರಿಗೂ ಬರುತ್ತಿದ್ದಳು. ಜಗಳವಿಲ್ಲ, ಅಳುವಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಒಂದೇ ಮಾತು.

“ಒಂದ್ಸಲ ಬಂದು ನೋಡ್ರೀ ಸಾಯೇಬ್ರೆ. ಹೊಳೆ ತೋರುಸ್ತೀನಿ.”

“ಟಿಪ್ಪಣಿ ಪ್ರಕಾರ ಐತವ್ವಾ. ಹೊಳಿ ಎಲ್ಲಿ ತಿರಗತದೋ ಅಲ್ಲೇ ಹದ್ದು” ಎನ್ನುತ್ತಿದ್ದರು ಇವರು, ತಲೆ ಎತ್ತದೆ.

“ಹೊಳೆ ದಿನಾ ತಿರುಗ್ತೈತೆ ಕಣ್ರೀ. ನಾ ಎಲ್ಲೀಗಂತ ಹೋಗ್ಲಿ?”

ಪಕ್ಕದ ಮೇಜಿನಲ್ಲಿ ಕೂತು ನಾನು ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಒಮ್ಮೆಯೂ ಬಾಯಿ ಹಾಕಲಿಲ್ಲ.

ಅವರು ನಿವೃತ್ತರಾದ ಮೇಲಿನ ಚಳಿಗಾಲದಲ್ಲಿ ನಾವು ಎಂಟು ಹತ್ತು ಜನ ರೈಲಿನಲ್ಲಿ ಪಂಜಾಬಿಗೆ ಹೋದೆವು. ಉಳಿದವರಿಗೆಲ್ಲ ದೇವರು, ಗುಡಿ, ಸ್ವೆಟರ್ ಅಂಗಡಿ. ಇವರು ಹೊರಟದ್ದು ಒಂದೇ ಕಾರಣಕ್ಕೆ. “ಹುಟ್ಟಿದಾಗಿಂದ ಗುಂಟೆ ಗುಂಟೆ ಹದ್ದು ಅಳದೀವಿ. ದೇಶದ್ದು ಹೆಂಗಿರ್ತದ ನೋಡಬೇಕಲ್ಲ.” ಸಂಜೆ ಗಡಿಯ ಗೇಟಿನಲ್ಲಿ ಎರಡೂ ದೇಶದ ಸೈನಿಕರು ಎದುರುಬದುರು ನಿಂತು ಬಾವುಟ ಇಳಿಸುವುದನ್ನು ನೋಡಲು ಎಲ್ಲರೂ ಹೋದೆವು. ಜನ ಕುಣಿದರು, ಕೂಗಿದರು. ಇವರು ಮಂಕಿ ಟೋಪಿಯೊಳಗಿಂದ ಹತ್ತು ನಿಮಿಷ ನೋಡಿ ನನ್ನ ತೋಳು ಹಿಡಿದು ಎಳೆದರು.

“ಇದು ಗೇಟ್ ಆತು. ಹದ್ದು ಎಲ್ಲೈತಿ?”

ಮಾರನೆಯ ದಿನ ಉಳಿದವರು ಪೇಟೆಗೆ ಹೋದಾಗ ನಾವಿಬ್ಬರು ಬಾಡಿಗೆ ಕಾರು ಹಿಡಿದೆವು. ಡ್ರೈವರ್ ಮೂವತ್ತರ ಆಸುಪಾಸಿನ ಸರದಾರ. ನಮಗೆ ಏನು ಬೇಕು ಎಂದು ನನ್ನ ಹರುಕು ಹಿಂದಿಯಲ್ಲಿ ಹೇಳಿದ್ದಕ್ಕೆ ಅವನು ನಕ್ಕು, ಗಡಿಗೆ ಹತ್ತಿರದ ನದಿದಂಡೆಯ ಊರಿನಲ್ಲಿ ತನ್ನ ತಾಯಿಯ ಅಣ್ಣ ಇದ್ದಾನೆ, ಅಲ್ಲಿಗೆ ಕರೆದೊಯ್ಯುತ್ತೇನೆ ಎಂದ.

ಊರು ಎಂದರೆ ನಲವತ್ತು ಮನೆ ಇರಬಹುದು. ದಾರಿಯಲ್ಲಿ ಸೈನಿಕನೊಬ್ಬ ನಮ್ಮ ಗುರುತಿನ ಚೀಟಿಗಳನ್ನು ನೋಡಿ ಒಂದು ಪುಸ್ತಕದಲ್ಲಿ ಬರೆದುಕೊಂಡ. ನಿಂತುಕೊಂಡೇ ಬರೆದದ್ದನ್ನು ನೋಡಿ ಇವರು ನನಗೆ ಮೊಣಕೈಯಿಂದ ತಿವಿದರು. ಇಟ್ಟಿಗೆಯ ಮನೆಗಳು, ಒಟ್ಟಿದ ಬೆರಣಿ, ಎಮ್ಮೆಗಳ ಮೈಮೇಲೆ ಗೋಣಿತಾಟು. ಊರು ಮುಗಿದ ಕಡೆ ನದಿ. ನೀರು ಕಡಿಮೆ, ಮರಳು ಹೆಚ್ಚು. ಆಳೆತ್ತರದ ಜೊಂಡು. ಕಬ್ಬಿಣದ ದೋಣಿಯೊಂದರ ಮೇಲೆ ಟ್ರಾಕ್ಟರ್ ನಿಂತುಕೊಂಡು ನದಿ ದಾಟುತ್ತಿತ್ತು. ಆಚೆ ದಡದಲ್ಲಿ ಹಸಿರು ಗೋಧಿ. ಅದರಾಚೆ ಮಂಜಿನಲ್ಲಿ ತಂತಿ ಬೇಲಿ, ಗೆರೆ ಎಳೆದ ಹಾಗೆ. ಇಷ್ಟನ್ನು ನಾನು ಅಂದೇ ಚೀಟಿಯ ಮೇಲೆ ಬರೆದಿಟ್ಟುಕೊಂಡಿದ್ದೆ, ಆದ್ದರಿಂದ ಬರೆಯುತ್ತಿದ್ದೇನೆ. ಅಲ್ಲಿ ನನಗೆ ಏನನ್ನಿಸಿತು ಎಂಬುದು ಚೀಟಿಯಲ್ಲಿಲ್ಲ.

ಡ್ರೈವರ್‌ನ ಮಾವ ಬಿಸಿಲಿನಲ್ಲಿ ಹಗ್ಗದ ಮಂಚ ಹಾಕಿಕೊಂಡು ರಜಾಯಿ ಹೊದ್ದು ಕೂತಿದ್ದ ಮುದುಕ.

“ಕೌನ್ ಹೈ? ಫೌಜಿ?” ಎಂದ.

“ನಹೀ ಮಾಮಾಜಿ. ಪಟವಾರಿ.”

ಇವರಿಗೆ ಆ ಒಂದು ಪದ ಅರ್ಥವಾಗಿಬಿಟ್ಟಿತು. “ಏ, ಪಟವಾರಿ ಅಲ್ಲ ಅನ್ರಿ! ಪಟವಾರಿ ಅಂದ್ರ ಲೆಕ್ಕ ಬರ್ಯಾವ್ರು. ಸರ್ವೆಯರ್ ಅನ್ರಿ!” ಎಂದು ನನ್ನ ಮೇಲೆ ರೇಗಿದರು. ಮುದುಕನಿಗೆ ಅದೆಲ್ಲ ಬೇಕಿರಲಿಲ್ಲ. ಒಳಗೆ ತಿರುಗಿ ಹೆಂಡತಿಗೆ ಏನೋ ಕೂಗಿ ಹೇಳಿದ. ಡ್ರೈವರ್ ನಗುತ್ತ ಬಿಡಿಸಿ ಹೇಳಿದ: ಪಟವಾರಿ ಬಂದಿದ್ದಾನೆ, ಜಮೀನು ಎತ್ತಿ ಒಳಗಿಡು ಅಂತಿದ್ದಾರೆ.

ಇವರು ನಕ್ಕರು. ಅಂಥ ನಗು ನಾನು ಕಚೇರಿಯಲ್ಲಿ ಕಂಡಿರಲಿಲ್ಲ.

ಆಮೇಲೆ ಇವರು ತಮ್ಮ ಜೀವಮಾನದ ಮೊದಲ ಹಿಂದಿ ವಾಕ್ಯವನ್ನು ಮಾತಾಡಿದರು. “ಹದ್ದು ಕಹಾಂ?”

“ಹದ್?” ಮುದುಕ ರಜಾಯಿಯೊಳಗಿಂದ ಕೈ ತೆಗೆದು ನದಿಯ ಆಚೆಗೆ ತೋರಿಸಿದ. “ಓಹ್ ಪರ್ಲೇ ಪಾಸೇ.” ಆಚೆ ಕಡೆ.

“ಜಮೀನು?”

“ಜಮೀನ್.”

“ಬಂಜರು?”

“ಬಂಜರ್.”

“ಖರಾಬು? ತಕರಾರು?”

ಎರಡಕ್ಕೂ ಮುದುಕ ತಲೆಯಾಡಿಸಿದ. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರು, ಕಚೇರಿಯ ಕಪಾಟಿನಿಂದ ಬಂದ ಪದಗಳಲ್ಲೇ ಮಾತಾಡುತ್ತಿದ್ದರು. ನಾನೂ ಡ್ರೈವರೂ ಕೆಲಸವಿಲ್ಲದೆ ನಿಂತೆವು. ಮುದುಕ ಕೊನೆಗೆ ತನ್ನ ಊರಿನ ಹದ್‌ಬಸ್ತ್ ನಂಬರ್ ಇಷ್ಟು ಎಂದು ಹೇಳಿದ. ಅಲ್ಲಿ ದಾಖಲೆಯಲ್ಲಿ ಪ್ರತಿ ಊರಿಗೂ ಅಂಥದೊಂದು ನಂಬರು ಇರುತ್ತದಂತೆ. ಮಂಚದ ತುದಿಗೆ ಕೂತಿದ್ದ ಇವರು ಎದ್ದು ನಿಂತರು.

“ಏನಂದ್ರು? ಇನ್ನೊಮ್ಮಿ ಹೇಳ್ಸ್ರಿ.”

“ಹದ್‌ಬಸ್ತ್” ಎಂದ ಮುದುಕ.

“ಹದ್ದುಬಸ್ತು” ಎಂದರು ಇವರು.

ಹಿತ್ತಾಳೆಯ ದೊಡ್ಡ ಲೋಟಗಳಲ್ಲಿ ಚಹಾ ಬಂತು. ಇವರು ಕೈ ಮುಗಿದು ಬೇಡ ಎಂದರು. ಮುದುಕಿಯ ಮುಖ ಸಣ್ಣಗಾಯಿತು. “ತಗೊಳ್ರೀ ಸಾರ್, ನಾವೇನು ಅಳತೆಗೆ ಬಂದಿಲ್ಲ” ಎಂದೆ. “ಅಲ್ರೀ, ಇಲ್ಲಿ ಕುಡದ್ರ ಆ ಕಡೆ ಮನೀಗೂ ಹೋಗಿ ಕುಡೀಬೇಕಾಗ್ತದಲ್ರಿ” ಎಂದು ಬೇಲಿಯ ಕಡೆ ಗದ್ದ ಎತ್ತಿದರು. ತಮಾಷೆಗೆ ಹೇಳಿದರೋ ನಿಜಕ್ಕೇ ಹೇಳಿದರೋ ಗೊತ್ತಾಗಲಿಲ್ಲ. ಡ್ರೈವರ್‌ಗೆ ಅದನ್ನು ಹಿಂದಿಯಲ್ಲಿ ಹೇಳಿದೆ. ಅವನು ಮಾವನಿಗೆ ಹೇಳಿದ. ಮುದುಕ ನಗಲಿಲ್ಲ. ಆ ಕಡೆಯವರ ಪಾಲಿನದನ್ನು ನಾನು ಕುಡಿಯುತ್ತೇನೆ, ನಿನ್ನ ಪಾಲಿನದನ್ನು ನೀನು ಕುಡಿ ಎಂದ. ಇವರು ಕುಡಿದರು.

ಚಹಾ ಮುಗಿದ ಮೇಲೆ ಇವರು ಕೆಳಗೆ ಕುಕ್ಕರುಗಾಲಿನಲ್ಲಿ ಕೂತು, ಕಡ್ಡಿಯಿಂದ ನೆಲದ ಮೇಲೆ ಹೊಳೆ ಬರೆದರು. ಒಂದು ತಿರುವು ಬರೆದರು. ತಿರುವಿಗೆ ಒಂದು ಗೆರೆ ತಂದು ಮುಟ್ಟಿಸಿದರು. ಆಮೇಲೆ ಹೊಳೆಯನ್ನು ಅಂಗೈಯಿಂದ ಅಳಿಸಿ ಅದರ ಪಕ್ಕ ಇನ್ನೊಂದು ಹೊಳೆ ಬರೆದು, ಮುದುಕನ ಮುಖ ನೋಡಿದರು. ಇದು ಯಾವ ಊರಿನ ನಕ್ಷೆ ಎಂದು ನನಗೆ ಆಗಲೇ ಗೊತ್ತಾಯಿತು.

ಮುದುಕ ಕಡ್ಡಿ ಕಸಿದುಕೊಂಡು ತನ್ನ ನದಿ ಬರೆದ. ತಾತನ ಕಾಲದಲ್ಲಿ ಇಲ್ಲಿ, ಅಪ್ಪನ ಕಾಲದಲ್ಲಿ ಇಲ್ಲಿ, ಈಗ ಇಲ್ಲಿ. ನನ್ನ ಹೊಲ ಮೊದಲು ಈ ದಡದಲ್ಲಿತ್ತು, ನದಿ ಸರಿದು ಈಗ ಆ ದಡಕ್ಕೆ ಹೋಗಿದೆ. ಹೊಲ ನನ್ನದೇ. ಬೇಲಿ ಹಾಕಿದ್ದು ಕಾವಲಿಗೆ; ಬೇಲಿಯಾಚೆಗೂ ನನ್ನ ಒಂದು ತುಂಡು ಇದೆ, ಗೇಟು ತೆಗೆದಾಗ ಚೀಟಿ ತೋರಿಸಿ ಹೋಗಿ ಉತ್ತು ಬರುತ್ತೇನೆ. ದೇಶ ಎರಡಾದಾಗ ಗೆರೆ ಎಳೆದವರೂ ನದಿಯನ್ನು ನಂಬಲಿಲ್ಲ, ನಮ್ಮ ಊರುಗಳ ಹಳೆಯ ಗಡಿಯನ್ನೇ ಹಿಡಿದರು. ಇಷ್ಟನ್ನು ಡ್ರೈವರ್ ಹಿಂದಿಗೆ ತಂದ, ನಾನು ಕನ್ನಡಕ್ಕೆ ತಂದೆ. ಎರಡು ಸಲ ಕೈ ಬದಲಾಯಿಸುವಾಗ ಏನು ಚೆಲ್ಲಿತೋ ಹೇಳಲಾರೆ. ಕೊನೆಯ ಮಾತು ಮಾತ್ರ ಮುದುಕನದೇ, ಯಾಕೆಂದರೆ ಅದನ್ನು ಹಾಗೆಯೇ ಬರೆದುಕೊಂಡೆ. “ದರಿಯಾ ತುರ್ ಜಾಂದಾ. ಹದ್ ನಹೀ ತುರ್ದೀ.”

“ಏನಂದ್ರು?”

“ಹೊಳೆ ನಡ್ಕೊಂಡು ಹೋಗುತ್ತೆ, ಹದ್ದು ನಡೆಯೋದಿಲ್ಲ ಅಂದ್ರು.”

“ದೇಶದ್ದೂ ಹಂಗಾ?”

“ದೇಶದ್ದೂ ಹಾಗೇ ಅಂತೆ.”

ಇಲ್ಲಿ ಅವರು ಒಂದು ಮಾತು ಆಡಬೇಕು. ‘ಹಂಗಾರ ನಂದು ತಪ್ಪು’ ಎನ್ನಬೇಕು. ಎಂದರು ಎಂದು ಬರೆದರೆ ಬರಹಕ್ಕೆ ಒಳ್ಳೆಯದು. ಎರಡು ನದಿ, ಎರಡು ಬೇಲಿ, ಒಂದೇ ಪದ. ಇಷ್ಟು ಚೆನ್ನಾಗಿ ಕೂಡಿಕೊಳ್ಳುವುದು ನನಗೇ ಅನುಮಾನ ಹುಟ್ಟಿಸುತ್ತದೆ. ಅವರು ಮಾಡಿದ್ದು ಇಷ್ಟೇ. ಎದ್ದು, ಪಂಚೆಯ ಮಣ್ಣು ಕೊಡವಿಕೊಂಡು, ನದಿಯ ಕಡೆ ಹೆಜ್ಜೆ ಎಣಿಸುತ್ತ ನಡೆದರು. ಹೆಜ್ಜೆ ಎಣಿಸುವಾಗ ಅವರ ತುಟಿ ಅಲ್ಲಾಡುತ್ತಿತ್ತು. ನೀರಿನ ಅಂಚಿನವರೆಗೆ ಹೋಗಿ ನಿಂತರು. ನಾನು ಹಿಂದೆ ಹೋಗಿ ನಿಂತೆ.

“ಅವತ್ತು ನೀವು ಎಲ್ಲಿ ನಿಂತಿದ್ರಿ?”

ಯಾವತ್ತು ಎಂದು ನಾನು ಕೇಳಲಿಲ್ಲ. “ತಿರುವಿನಾಗೆ ಸಾರ್.”

“ಯಾವ ತಿರುವು?”

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ನನ್ನ ಕಾಲು ಒದ್ದೆಯಾಗಿದ್ದ ನೆನಪು ಬಂತು. ಒದ್ದೆಯಾಗಿದ್ದರೆ ಹೊಸ ತಿರುವು, ನೀರಿನ ಹತ್ತಿರ. ಆದರೆ ಕಾಲು ಒದ್ದೆಯಾದದ್ದು ಅಳತೆಯ ಹೊತ್ತಿನಲ್ಲೋ, ಅಳತೆ ಮುಗಿದು ಕೈಕಾಲು ತೊಳೆಯಲು ಇಳಿದಾಗಲೋ? ಕೋಲು ಊರಿದ ಜಾಗದಲ್ಲಿ ಮಣ್ಣು ಬಿರುಕು ಬಿಟ್ಟಿದ್ದ ನೆನಪೂ ಬಂತು. ಬಿರುಕು ಬಿಟ್ಟಿದ್ದರೆ ಹಳೆಯ ತಗ್ಗು. ಎರಡೂ ಚಿತ್ರ ಸ್ಪಷ್ಟವಾಗಿದ್ದವು. ಎರಡರಲ್ಲೂ ಕೋಲು ನನ್ನ ಕೈಯಲ್ಲಿತ್ತು.

“ನೆನಪಿಲ್ಲ ಸಾರ್.”

ಅವರು ತಲೆ ಆಡಿಸಿದರು. ವಾಪಸ್ಸು ಬರುವಾಗ ರೈಲಿನ ಊಟದಲ್ಲಿ ಉಪ್ಪು ಕಡಿಮೆ ಎಂಬುದರ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಊರಿಗೆ ಬಂದ ಮೇಲೆ ಅವರು ನನ್ನ ಮನೆಗೆ ಬರತೊಡಗಿದರು. ಮೊದಲು ಬಂದವರಲ್ಲ. ಬಂದು ಕೂತು, ಚಹಾ ಕುಡಿದು, ಹೊರಡುವಾಗ ಚಪ್ಪಲಿ ಮೆಟ್ಟುತ್ತ, “ಏನಾದ್ರೂ ನೆನಪಾತೇನ್ರೀ ಕತೆಗಾರ್ರೆ?” ಎನ್ನುತ್ತಿದ್ದರು. ಹೊಸದಾಗಿ ಏನಾದರೂ ಬರೆದಿರಾ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ಒಮ್ಮೆ ಅಂಬ್ಲಿಗೊಳದ ಜಲಾಶಯದ ಏರಿಯ ಮೇಲೆ ಇಬ್ಬರೂ ನಡೆಯುತ್ತಿದ್ದೆವು. ಅವರು ನಿಂತು, “ಈ ನೀರಿನ ಬುಡಕ್ಕ ಎಷ್ಟು ಸರ್ವೆ ನಂಬರ್ ಅದಾವೋ. ಯಾವುದೂ ಜಾಗ ಬಿಟ್ಟು ಹೋಗಿಲ್ಲ ನೋಡ್ರಿ” ಎಂದರು. ಮತ್ತೆ ಅದೇ ಕೇಳಿದರು, ಏನಾದ್ರೂ ನೆನಪಾತೇನ್ರಿ. ನಾನು ಆಗ ಬರೆಯುತ್ತಿದ್ದ ಒಂದು ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಪೂರ್ತಿ ಕೇಳಿದರು. ಚೆನ್ನಾಗೈತಿ ಎಂದರು.

ಅವರು ಹೋಗಿ ಹದಿಮೂರು ದಿನ ಕಳೆದ ಮೇಲೆ ನಾನು ಹೊಳೆದಂಡೆಯ ಆ ಊರಿಗೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಬಸ್ಸು ಇತ್ತು, ಹತ್ತಿದೆ. ಆ ಅಮ್ಮ ಕುರಿ ರೊಪ್ಪದ ಮುಂದೆ ಸೊಪ್ಪು ಹರಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದಳು.

“ಪಕ್ಕದ ಮೇಜಿನೋರಲ್ವಾ ನೀವು? ಬಾಯಿ ಬಿಡ್ದಲೆ ಕೂತಿರ್ತಿದ್ರಿ.”

ಅವರು ತೀರಿಕೊಂಡರು ಎಂದು ಹೇಳಿದೆ.

“ಗೊತ್ತಾತು. ಬಂದಿದ್ರು ಇಲ್ಲಿಗೆ, ಹೋದೊರ್ಷ. ಅದೇ, ಟೋಪಿ ಹಾಕ್ಕಂಡು. ಮಧ್ಯಾಹ್ನದ ಬಿಸ್ಲಗೆ ಟೋಪಿ.” ಅವಳು ನಕ್ಕಳು. “ಬೇಲಿ ಉದ್ದಕ್ಕೂ ಓಡಾಡಿದ್ರು. ‘ಕಲ್ಲು ತಪ್ಪೈತವ್ವಾ’ ಅಂದ್ರು. ಹಂಗಾರೆ ಬರ್ದು ಕೊಡ್ರೀ ಅಂದೆ.”

“ಏನಂದ್ರು?”

“ನಾ ಕೋಲು ಹಿಡ್ದಿಲ್ಲ, ಕೋಲು ಹಿಡ್ದೋರು ಬ್ಯಾರೆ. ಅವ್ರಿಗೆ ನೆನಪಾಗ್ಲಿ, ಅವ್ರನ್ನ ಕರ್ಕಂಡೇ ಬತ್ತೀನಿ ಅಂದ್ರು. ಬರ್ಲೇ ಇಲ್ಲ.” ಸೊಪ್ಪು ಹರಡುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಕೋಲು ಹಿಡ್ದೋರು ಯಾರು ಸಾಯೇಬ್ರೆ?”

“ನಾನೇ” ಎಂದೆ.

ಕಲ್ಲು ತಪ್ಪಾಗಿದೆ ಎಂದು ಅವಳು ಅರ್ಜಿ ಹಾಕಿದಳು. ಅರ್ಜಿ ಬರೆದುಕೊಟ್ಟವನು ನಾನು. ವಿಚಾರಣೆಗೆ ಕರೆ ಬಂತು. ಬಸ್ಸಿನಲ್ಲಿ ಹೋಗುವಾಗ ಒಂದು ಮಾತು ನಿರ್ಧಾರ ಮಾಡಿಕೊಂಡಿದ್ದೆ: ನೀರಿನ ಹತ್ತಿರ, ಹೊಸ ತಿರುವು, ನನ್ನ ಕಾಲು ಒದ್ದೆಯಾಗಿತ್ತು. ಅಷ್ಟು ಹೇಳಿದರೆ ಸಾಕು. ಕಲ್ಲು ತಪ್ಪು ಎಂದಾಗುತ್ತದೆ. ಸುಳ್ಳು ಎಂದು ಯಾರೂ ಹೇಳಲಾರರು, ನಾನೂ ಹೇಳಲಾರೆ.

ಅಧಿಕಾರಿ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕಡತವನ್ನು ಚೆನ್ನಾಗಿ ಓದಿಕೊಂಡು ಬಂದಿದ್ದಳು. ಅಳತೆ ಪುಸ್ತಕದ ಆ ಪುಟವನ್ನು ತೆರೆದು ನನ್ನ ಕಡೆ ತಿರುಗಿಸಿದಳು. ಮೂರು ಪದ, ಅವರ ಕೈಬರಹ.

“ಕೋಲು ಹಿಡಿದು ನಿಂತಿದ್ದು ಹಳೇ ತಿರುವಲ್ಲೋ, ಅವತ್ತು ನೀರಿದ್ದ ತಿರುವಲ್ಲೋ? ಎರಡರಲ್ಲಿ ಒಂದು ಹೇಳಿ ಸಾರ್.”

ಹೇಳಲು ಬಾಯಿ ತೆರೆದೆ. ಬಂದ ಮಾತು ಬೇರೆ. “ನೆನಪಿಲ್ಲ.”

ಪಕ್ಕದ ಜಮೀನಿನವರು ಕುರ್ಚಿ ಹಿಂದಕ್ಕೆ ತಳ್ಳಿದರು. “ಮುಗೀತಲ್ರೀ ಮೇಡಂ. ಅವ್ರಿಗೇ ನೆನಪಿಲ್ಲ ಅಂದ್ಮೇಲೆ.”

“ನೆನಪಿಲ್ಲ ಅಂತಲೇ ಬರ್ಕೊಳ್ಳಿ” ಎಂದೆ. “ಕೋಲು ಹಿಡಿದವನಿಗೆ ತಾನು ಎಲ್ಲಿ ನಿಂತಿದ್ದೆ ಅಂತ ಗೊತ್ತಿಲ್ಲ. ಅಳತೆ ಮಾಡಿದವರು ಬಂದು ನೋಡಲಿಲ್ಲ. ಪುಸ್ತಕದಲ್ಲಿ ಇರೋದು ಟಿಪ್ಪಣಿಯ ನಕಲು. ಉದ್ದವೂ ಕೂಡಿಬಂದಿರಲಿಲ್ಲ. ಹಾಗಾದರೆ ಆ ಕಲ್ಲು ಯಾವ ಆಧಾರದ ಮೇಲೆ ನಿಂತಿದೆ?”

ಅವಳು ಪೆನ್ನು ಕೆಳಗಿಟ್ಟಳು. “ಇದನ್ನ ಬರೆದು ಸಹಿ ಮಾಡ್ತೀರಾ?”

“ಮಾಡ್ತೀನಿ.”

“ತೀರಿಕೊಂಡವರ ಹೆಸರು ಕೆಡುತ್ತೆ ಸಾರ್.”

“ನನ್ನದೂ ಕೆಡುತ್ತೆ. ಕಾಗದ ಕೊಡಿ.”

ಕೂತು ಬರೆದೆ. ಅರ್ಧ ಪುಟವೂ ಆಗಲಿಲ್ಲ. ಓದಿ ನೋಡಿ ಅವಳು ಆದೇಶ ಹೇಳಿದಳು: ಹಳೆಯ ಅಳತೆಯನ್ನು ಆಧಾರವಾಗಿ ಹಿಡಿಯುವಂತಿಲ್ಲ, ಮೂಲ ಟಿಪ್ಪಣಿಯ ಪ್ರಕಾರ ಹೊಸದಾಗಿ ಅಳೆಯಬೇಕು. ಈಗ ಹೊಳೆ ತುಂಬಿದೆ, ಆದ್ದರಿಂದ ನೀರು ಇಳಿದ ಮೇಲೆ. ಅಲ್ಲಿಯವರೆಗೆ ಕಲ್ಲು, ಬೇಲಿ ಇದ್ದ ಹಾಗೇ ಇರಲಿ.

ಹೊರಗೆ ಬಂದು ಮೆಟ್ಟಿಲಿನ ಮೇಲೆ ಆ ಅಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಗೆದ್ದೆವು ಎಂದು ಹೇಳಬೇಕೋ ಬೇಡವೋ ತಿಳಿಯಲಿಲ್ಲ, ಹೇಳಲಿಲ್ಲ. ಅವಳು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು.

“ನೀರು ಇಳಿದ ಮೇಲೆ ಅಂದ್ರೆ, ಬ್ಯಾಸ್ಗೆಗೆ?”

“ಬೇಸಿಗೆಗೆ.”

“ನೀವೂ ಬತ್ತೀರಾ?”

“ಬರ್ತೀನಿ.”

ಅವಳು ಎರಡು ಮೆಟ್ಟಿಲು ಇಳಿದಳು. ನಿಂತಳು.

“ಅಲ್ಲೀಗಂಟ ಕುರಿಗೆ ಏನ್ ಹೇಳ್ಲಿ ಸಾಯೇಬ್ರೆ?”